ಗಲಗಲ ಎನ್ನುವ ಹಾರ್ಡ್ ಡಿಸ್ಕ್

ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರ ಪಾಡು ಆಮೇಲೆ ಮಾಡಿದವರಿಗೆ ತಿಳಿಯುವುದಿಲ್ಲ. ಆಮೇಲಿನವರು ಏನು ಓದಿದ್ದಾರೋ ಅದನ್ನಷ್ಟೇ ಅವರಿಂದ ಕೇಳುತ್ತಾರೆ. ಮೊದಲಿನವರು ಮಾತ್ರ ಸಕಲವನ್ನೂ ಓದಿರಬೇಕು. ನಾನು ಓದಿದ್ದು ಇತಿಹಾಸ, ಸಕಲೇಶಪುರದ ಕಾಲೇಜಿನಲ್ಲಿ ಪಾಠ ಮಾಡುವುದೂ ಅದನ್ನೇ. ಆದರೆ ಪಂಪ್‌ಸೆಟ್ಟು ನೀರೆತ್ತದಿದ್ದರೆ, ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೆ, ಕೊನೆಗೆ ಪಕ್ಕದ ಮನೆಯ ಹಸುವಿಗೆ ಹೊಟ್ಟೆ ಉಬ್ಬರಿಸಿದರೂ ನಮ್ಮಪ್ಪ, "ನಮ್ ಹುಡುಗೀನ ಕೇಳಿ, ಡಿಗ್ರಿ ಮಾಡೈತೆ" ಎಂದುಬಿಡುತ್ತಾರೆ. ಸುಳ್ಳೇಕೆ ಹೇಳಲಿ, ನನಗೂ ಅದು ಖುಷಿಯೇ. ಹಾಸ್ಟೆಲ್ಲಿನ ನೀರುಸಾರು ಕುಡಿದು, ರಜೆ ಬಂದರೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದು ಸಂಪಾದಿಸಿದ ಡಿಗ್ರಿ. ಹಸುವಿನ ಹೊಟ್ಟೆಗೂ ಆದೀತು ಅಂದರೆ ಬೇಡ ಎನ್ನಲೇ?

ಈ ಹೆಮ್ಮೆಯಲ್ಲಿಯೇ ಕೆಟ್ಟುಹೋದ ನನ್ನ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯನ್ನು ನಾನೇ ಬಿಚ್ಚಿದ್ದೆ. ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಒಂದು ಎನ್‌ಕ್ಲೋಷರಿಗೆ ಸೇರಿಸಿದೆ. ಎನ್‌ಕ್ಲೋಷರ್ ಎಂದರೆ ಗಾಬರಿಯಾಗಬೇಕಿಲ್ಲ. ಕನ್ನಡಕದ ಡಬ್ಬಿಯಂಥ ಒಂದು ಡಬ್ಬಿ. ಡಿಸ್ಕನ್ನು ಅದರಲ್ಲಿ ಮಲಗಿಸಿ ಮುಚ್ಚಿ, ವೈರಿನಿಂದ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಹಳೆಯದೆಲ್ಲ ಕಾಣುತ್ತದೆ. ಆವತ್ತು ಕಂಡಿತ್ತು ಕೂಡ. ಒಮ್ಮೆ ನೋಡಿ, ಮೆಚ್ಚಿಕೊಂಡು, ಬೀರುವಿನಲ್ಲಿಟ್ಟೆ.

ಈ ಬೇಸಿಗೆಗೆ ಮುಂಚೆ ಹಜಾರಕ್ಕೆ ಸುಣ್ಣಬಣ್ಣ ಆಯಿತು. ಅವ್ವ ಬಣ್ಣದವನ ಕೈಯಲ್ಲೇ ಗೋಡೆಯ ನಟ್ಟನಡುವೆ ಮೊಳೆ ಹೊಡೆಸಿ, "ಡಿಗ್ರಿ ಕೊಟ್ಟ ದಿನದ ಫೋಟೊ ದೊಡ್ಡದು ಮಾಡ್ಸಿ ಇಲ್ಲಿ ಹಾಕ್ಬೇಕು" ಎಂದರು. ಹಿಂದೆ ತೆಗೆಸಿದ್ದ ಚಿಕ್ಕ ಪ್ರತಿಯನ್ನು ನಮ್ಮೂರಿನ ಮಳೆಗಾಲದ ಬೂಷ್ಟು ತಿಂದುಹಾಕಿತ್ತು. ತೆಗೆದ ಮೊಬೈಲು ಎಂದೋ ತೀರಿಕೊಂಡಿತ್ತು. ಉಳಿದಿದ್ದು ಡಬ್ಬಿಯೊಳಗಿನದು ಮಾತ್ರ. ಗೌನು ತೊಟ್ಟ ನನ್ನ ಚಿತ್ರ ಹಜಾರದ ನಡುವೆ! ಬೇಡ ಬೇಡ ಎನ್ನುತ್ತಲೇ ಡಬ್ಬಿ ತಂದು ಸಿಕ್ಕಿಸಿದೆ. ನೀಲಿ ದೀಪ ಹತ್ತಿತು. ಮತ್ತೇನೂ ಆಗಲಿಲ್ಲ.

ವೈರು ಬದಲಿಸಿದೆ. ಲ್ಯಾಪ್‌ಟಾಪಿನ ಈ ಪಕ್ಕದ ತೂತು ಬಿಟ್ಟು ಆ ಪಕ್ಕದ್ದಕ್ಕೆ ಹಾಕಿದೆ. ಆರಿಸಿ ಹಚ್ಚಿದೆ. ಕಾಲೇಜಿಗೆ ಒಯ್ದು ಅಲ್ಲಿನ ಕಂಪ್ಯೂಟರಿಗೂ ಸಿಕ್ಕಿಸಿದೆ. ಯಾವುದೂ ಅದನ್ನು ಗುರುತು ಹಿಡಿಯಲಿಲ್ಲ. ಸಂಜೆ ಯಸಳೂರು ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಹೊರಟೆ. ಅವ್ವ ಇಷ್ಟು ವರ್ಷದಲ್ಲಿ ನನ್ನಿಂದ ಕೇಳಿದ ವಸ್ತು ಅದೊಂದೇ.

ಮನೆಗೆ ಬಂದರೆ ಅಪ್ಪ ಕಣದಲ್ಲಿ ಒಣಹಾಕಿದ್ದ ಕಾಫಿ ಚೆರ್ರಿಯನ್ನು ಮರದ ಗೋರುಮಣೆಯಿಂದ ತಿರುವುತ್ತಿದ್ದರು. ಡಬ್ಬಿ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ನಮ್ಮ ಕಡೆ ಚೆರ್ರಿ ಒಣಗಿದೆಯೋ ಇಲ್ಲವೋ ನೋಡುವುದು ಹಾಗೆಯೇ. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದಾಗ ಒಳಗಿನ ಬೀಜ ಗಲಗಲ ಎಂದರೆ ಮೂಟೆ ಕಟ್ಟಬಹುದು.

ಡಬ್ಬಿ ಗಲಗಲ ಎಂದಿತು.

"ಚೆಂದಾಗೈತಲ್ಲ ಮಗಾ! ಒಣಗೈತೆ. ಏನೂ ಆಗಿಲ್ಲ ತಗೋ."

ಆ ಸದ್ದು ಕೇಳಿ ನನಗೂ ಅರೆಗಳಿಗೆ ಹಾಯೆನಿಸಿತು. ಹುಟ್ಟಿದಾಗಿನಿಂದ ಗಲಗಲ ಎಂದರೆ ಒಳ್ಳೆಯದೆಂದೇ ಕೇಳಿದ ಕಿವಿ ಅದು. ಮರುಕ್ಷಣವೇ ಹೊಳೆಯಿತು. ಹಾರ್ಡ್ ಡಿಸ್ಕ್ ಗಲಗಲ ಎನ್ನಬಾರದು!

ಆ ಹೊತ್ತಿಗೇ ಇಬ್ರಾಹಿಂ ಸಾಬರು ಬಂದರು. ನಮ್ಮ ತಾತನ ಕಾಲದಿಂದ ಅವರ ಮನೆಯವರೇ ನಮ್ಮ ಕಾಫಿ ಕೊಳ್ಳುವವರು. ಚೆರ್ರಿ ನೋಡಲು ಬಂದವರ ಕೈಗೆ ಅಪ್ಪ ಡಬ್ಬಿ ಕೊಟ್ಟರು. ಅವರೂ ಅಲುಗಾಡಿಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಅಲುಗಾಡಿಸಿದರು.

"ಒಣಗಿರೋದೇನೋ ಸರಿ ಗೌಡ್ರೇ. ಎರಡು ಬೀಜ ಇರೋ ಕಡೆ ಒಂದೇ ಬೀಜ ಕಣ್ರೀ ಇರೋದು. ಪೀಬೆರಿ!"

"ಪೀಬೆರಿಗೆ ರೇಟು ಜಾಸ್ತಿ ಅಲ್ವಾ ಸಾಬ್ರೇ?"

"ಜಾಸ್ತಿನೇ. ಆದ್ರೆ ಮೇಡಮ್ಮೋರ ಮುಖ ನೋಡಿದ್ರೆ ಮಾರೋ ಹಂಗೆ ಕಾಣಲ್ಲ."

ಅವ್ವ ಒಳಗಿನಿಂದ ಬಂದು, "ಕೊಡ್ರೀ ಇತ್ಲಾಗೆ, ಎಲ್ರೂ ಗಿಲಕಿ ಆಡ್ಸಿದಂಗೆ ಆಡಿಸ್ತೀರಲ್ಲ. ನನ್ ಫೋಟೊ ಐತೆ ಅದ್ರಲ್ಲಿ" ಎಂದು ಕಸಿದುಕೊಂಡರು. ಕಸಿದುಕೊಂಡವರು ತಾವೂ ಒಂದು ಸಲ ಅಲುಗಾಡಿಸಿಯೇ ನನ್ನ ಕೈಗೆ ಕೊಟ್ಟರು.

ಇನ್ನು ಇವರ ಮಧ್ಯೆ ಬಿಟ್ಟರೆ ಉಳಿಯುವುದಿಲ್ಲವೆಂದು ಒಳಗೆ ಹೋಗಿ ಡಬ್ಬಿ ಬಿಚ್ಚಿದೆ. ಬೀಜ ಸಿಕ್ಕಿತು. ಸಣ್ಣ ಸ್ಕ್ರೂ! ಡಿಸ್ಕನ್ನು ಅಲ್ಲಾಡದಂತೆ ಹಿಡಿಯಬೇಕಾದದ್ದು. ಅವತ್ತು ನಾನು ಅರ್ಧ ತಿರುಗಿಸಿ, ಸಾಕು ಬಿಡು ಎಂದು ಮುಚ್ಚಿದ್ದೆ ಅಂತ ಕಾಣುತ್ತದೆ. ಅದು ಕಳಚಿಕೊಂಡು, ಡಿಸ್ಕು ತನ್ನ ಕೊಂಡಿಯಿಂದ ಕೂದಲೆಳೆಯಷ್ಟು ಹಿಂದೆ ಸರಿದು ಕೂತಿತ್ತು. ಮೆಲ್ಲಗೆ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ವೈರು ಸಿಕ್ಕಿಸಿದೆ. ಅಂಗೈಯಲ್ಲಿ ಜುಮ್ಮೆಂದು ಡಿಸ್ಕು ತಿರುಗಿತು. ಟುಣ್ ಎಂಬ ಸದ್ದಿಗೆ ಎಲ್ಲರೂ ಒಳಗೆ ಬಂದರು. ಸ್ಕ್ರೂವಿನ ಸಂಗತಿಯನ್ನು ನಾನು ಎತ್ತಲಿಲ್ಲ. "ಕನೆಕ್ಷನ್ ಪ್ರಾಬ್ಲಮ್ಮು" ಎಂದೆ. "ನೋಡ್ರೀ, ಡಿಗ್ರಿ!" ಎಂದರು ಅಪ್ಪ ಸಾಬರಿಗೆ.

ಗೌನು ತೊಟ್ಟ ನನ್ನ ಫೋಟೊ ತೆರೆದು ಪಕ್ಕಕ್ಕೆ ಸರಿದೆ. ಅವ್ವ ಬಗ್ಗಿ ನೋಡಿದರು.

"ಚೆನ್ನಾಗಿದ್ದೀಯ. ಮುಂದಕ್ಕೆ ತಳ್ಳು."

ತಳ್ಳಿದೆ. ಅದರಲ್ಲೂ ನಾನೇ. "ಇದಲ್ಲ ಕಣೇ, ಇನ್ನೂ ಮುಂದಕ್ಕೆ." ನಾಲ್ಕೈದು ನಾನುಗಳನ್ನು ದಾಟಿದ ಮೇಲೆ, "ಹಾಂ! ಇದು!" ಎಂದರು.

ಸಮಾರಂಭ ಮುಗಿದ ಮೇಲೆ ಹೊರಗೆ ಮರದಡಿ ನಾನು ತಮಾಷೆಗೆ ಅಪ್ಪನಿಗೆ ನನ್ನ ಗೌನು, ಟೋಪಿ ತೊಡಿಸಿದ್ದೆ. ಅಪ್ಪ ಕೈ ಕಟ್ಟಿಕೊಂಡು ನಿಂತು ಬಾಯ್ತುಂಬ ನಕ್ಕಿದ್ದಾರೆ. ಪಕ್ಕದಲ್ಲಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ. "ನಿಮ್ಮಪ್ಪ ಫೋಟೊದಲ್ಲಿ ನಕ್ಕಿರೋದು ಇದೊಂದೇ ಕಣೇ. ಮದ್ವೆ ಫೋಟೊದಲ್ಲೂ ಪೊಲೀಸ್ನೋರು ಹಿಡ್ಕೊಂಡ್ ಬಂದಂಗೆ ನಿಂತವ್ರೆ" ಎಂದ ಅವ್ವನ ಕಣ್ಣಲ್ಲಿ ನೀರಿತ್ತು. ಅಪ್ಪ ಚೆರ್ರಿ ತಿರುವಬೇಕೆಂದು ಹೊರಗೆ ಹೋದರು.

ಈಗ ಹಜಾರದಲ್ಲಿ ಆಳೆತ್ತರಕ್ಕೆ ಅಪ್ಪನೇ ಪದವೀಧರರು. ಬಂದವರು, "ಯಜಮಾನ್ರು ಎಲ್ಲಿ ಓದಿದ್ದು?" ಎಂದರೆ ಅಪ್ಪ ಮುಗುಳ್ನಕ್ಕು ಕಾಫಿ ತರಲು ಹೇಳುತ್ತಾರೆ. ಕಾಫಿ ತರುವವಳು ನಾನು. ಮೊನ್ನೆ ಬಂದವರೊಬ್ಬರು ಲೋಟ ತೆಗೆದುಕೊಳ್ಳುತ್ತಾ, "ನೀನೂ ಅಪ್ಪನಂಗೇ ಓದ್ಬೇಕಾಗಿತ್ತಮ್ಮಾ" ಎಂದರು.