ದೊಡ್ಡ ಗುಮಾಸ್ತರ ದ್ವೀಪಯಾತ್ರೆ

"ಸಮುದ್ರ ನೋಡೋದಕ್ಕೆ ಯಾರಾದರೂ ಸಾವಿರಾರು ಸುರೀತಾರೇನೇ? ನಾನು ಕರ್ಕೊಂಡು ಹೋಗ್ತೀನಿ ನಿನ್ನ! ಪ್ರವಾಸಿಗರ ಚಪ್ಪಲಿ ಗುರುತೂ ಬೀಳದ ದ್ವೀಪಕ್ಕೆ! ಎಂಟು ದಿನ! ಖರ್ಚು ಎಷ್ಟು ಅಂತ ಕೇಳಿದರೆ ನೀನು ನಕ್ಕುಬಿಡ್ತೀಯ!"

ದೊಡ್ಡ ಗುಮಾಸ್ತರು ಹೀಗೆ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಒಗೆದ ಬಟ್ಟೆಗಳ ರಾಶಿಯ ಮುಂದೆ ನಿಂತು, ಒದ್ದೆ ಟವೆಲೊಂದನ್ನು ದಂಡಯಾತ್ರೆಗೆ ಹೊರಟ ರಾಜನ ಬಾವುಟದಂತೆ ಎತ್ತಿ ಹಿಡಿದು.

"ನಗೋದಕ್ಕೆ ಖರ್ಚಿನವರೆಗೂ ಕಾಯಬೇಕಾಗಿಲ್ಲ. ಮೊದಲು ಆ ಬಾವುಟ ತಂತಿ ಮೇಲೆ ಹಾಕಿ, ಒಣಗಲಿ" ಎಂದಳು ಹೆಂಡತಿ.

ಆಕೆ ವಿದ್ಯಾರ್ಥಿನಿಯರ ಹಾಸ್ಟೆಲ್ಲೊಂದರ ಮುಖ್ಯ ಅಡುಗೆಯವಳು. ಇನ್ನೂರು ಹುಡುಗಿಯರಿಗೆ ಮೂರು ಹೊತ್ತು ಬೇಯಿಸಿಟ್ಟು ಮನೆಗೆ ಬಂದರೆ, ಮನೆಯ ಒಲೆ ಅವಳಿಗಾಗಿಯೇ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಇಪ್ಪತ್ತೊಂದು ವರ್ಷಗಳಲ್ಲಿ ಒಟ್ಟಿಗೆ ಎರಡು ದಿನ ರಜೆ ಕಂಡವಳಲ್ಲ. ಈ ವರ್ಷ ಹಾಸ್ಟೆಲ್ ಅಡುಗೆಮನೆಯ ನೆಲ ಕಿತ್ತು ಹೊಸದಾಗಿ ಹಾಕುವುದೆಂದಾಗಿ, ಆಕಾಶದಿಂದ ಬಿದ್ದಂತೆ ಎಂಟು ದಿನ ರಜೆ ಸಿಕ್ಕಿತ್ತು. ಆಕೆ ಕೇಳಿದ್ದು ಎರಡೇ. ಒಂದು, ಸಮುದ್ರ ನೋಡಬೇಕು, ಈವರೆಗೆ ನೋಡಿರಲಿಲ್ಲ. ಇನ್ನೊಂದು, ಆ ಎಂಟು ದಿನ ಒಲೆ ಹಚ್ಚಬಾರದು. ಈವರೆಗೆ ಹಚ್ಚದ ದಿನವಿರಲಿಲ್ಲ.

ಕಾಲೇಜು ಓದುವ ಮಗಳು ಫೋನಿನಲ್ಲಿ ಒಂದು ರೆಸಾರ್ಟಿನ ಚಿತ್ರ ತೋರಿಸಿದಳು. ನೀಲಿ ನೀರು, ಬಿಳಿ ಕುರ್ಚಿ, ಕುರ್ಚಿಯ ಮೇಲೆ ಬಿಳಿ ಟವೆಲ್ಲಿನಿಂದ ಮಾಡಿದ ಹಂಸ.

"ಒಂದು ರಾತ್ರಿಗೆ ಇಷ್ಟು, ಅಪ್ಪಾ."

ದೊಡ್ಡ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. "ಏನು, ಸಮುದ್ರವನ್ನೂ ಜೊತೆಗೆ ಕಟ್ಟಿಕೊಡ್ತಾರಂತೇನು?"

ಹಾಗಾಗಿಯೇ ಈ ಘೋಷಣೆ.

ದೊಡ್ಡ ಗುಮಾಸ್ತರು ಪಾರ್ಸೆಲ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದವರು. ಕಳೆದುಹೋದ ಕೊಡೆಯಿಂದ ಹಿಡಿದು ಒಡೆದು ಬಂದ ಗಡಿಯಾರದವರೆಗೆ, ಊರೂರಿನವರು ಬೈದು ಬರೆದ ಕಾಗದಗಳಿಗೆ ನಯವಾಗಿ ಉತ್ತರ ಬರೆಯುವುದೇ ಅವರ ಕೆಲಸ. ದ್ವೀಪವನ್ನು ಹುಡುಕಿದ್ದೂ ಅದೇ ದಾರಿಯಿಂದ. ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ದೂರಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಧೂಳು ಕುಡಿದು, ಮೂಗು ಕೆಂಪು ಮಾಡಿಕೊಂಡು, ಕೊನೆಗೊಂದು ಸಂಜೆ ವಿಜಯಿಯಾಗಿ ಮನೆಗೆ ಬಂದರು.

"ಸಿಕ್ಕಿತು! ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ದೂರು ಬರದ ದ್ವೀಪ! ಅಲ್ಲಿನ ಜನ ಎಷ್ಟು ನೆಮ್ಮದಿಯಾಗಿರಬೇಕು ನೋಡು!"

"ಅಲ್ಲಿಗೆ ಪಾರ್ಸೆಲ್ಲೇ ಹೋಗಲ್ವೇನೋ ಅಪ್ಪಾ" ಎಂದಳು ಮಗಳು.

"ಅದೇ ಮತ್ತೆ! ಪಾರ್ಸೆಲ್ಲೂ ಹೋಗದ ಕಡೆ ಪ್ರವಾಸಿ ಹೇಗೆ ಹೋದಾನು?"

ಆ ದ್ವೀಪದಲ್ಲಿ ಫೋನು ಕೆಲಸ ಮಾಡಬೇಕಾದರೆ ಗುಡ್ಡ ಹತ್ತಬೇಕಂತೆ. ದೊಡ್ಡ ಗುಮಾಸ್ತರಿಗೆ ಅದರಿಂದ ಇನ್ನಷ್ಟು ಖುಷಿಯಾಯಿತು. ಅವರು ನಂಬುತ್ತಿದ್ದುದು ಕಾಗದವನ್ನು ಮಾತ್ರ. ದ್ವೀಪದ ಅಂಚೆಯವರಿಗೇ ನೇರವಾಗಿ ಬರೆದರು: ಒಂದು ಕೋಣೆ ಬಾಡಿಗೆಗೆ ಸಿಗಬಹುದೇ?

ಹತ್ತೇ ದಿನದಲ್ಲಿ ಉತ್ತರ ಬಂತು. ದುಂಡು ಅಕ್ಷರ. "ಬಾಡಿಗೆ ಎಂಬುದು ನಮ್ಮಲ್ಲಿಲ್ಲ. ನನ್ನ ಮನೆಯೇ ಇದೆ. ಯಾವಾಗ ಬೇಕಾದರೂ ಬನ್ನಿ, ಕೇಳಿಯೂ ಬರಬೇಕಾಗಿಲ್ಲ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸವಿಲ್ಲ. ಬಂದವರ ಹತ್ತಿರ ದುಡ್ಡು ತೆಗೆದುಕೊಂಡರೆ ನಮ್ಮ ತಾಯಿ ನನ್ನನ್ನು ಸಮುದ್ರಕ್ಕೆ ನೂಕುತ್ತಾರೆ."

ದೊಡ್ಡ ಗುಮಾಸ್ತರು ಆ ಕಾಗದವನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಓದಿದರು. ಎದುರುಮನೆಯ ಟೈಲರಮ್ಮನಿಗಂತೂ ಮುಖಸ್ಥವಾಗುವಷ್ಟು ಓದಿದರು. "ನೋಡಿದೆಯೇನಮ್ಮಾ? ಇದಕ್ಕೆ ಅನ್ನೋದು ಯೋಜನೆ!" ಟೈಲರಮ್ಮ ಹೊಲಿಗೆಯಂತ್ರ ನಿಲ್ಲಿಸದೆ ತಲೆಯಾಡಿಸಿ, ತನ್ನ ಗೆಳತಿಯಾದ ಅವರ ಹೆಂಡತಿಗೆಂದು ಅಗಲ ಅಂಚಿನ ಬಟ್ಟೆ ಟೋಪಿಯೊಂದನ್ನು ಹೊಲಿದುಕೊಟ್ಟಳು.

ಇಷ್ಟರವರೆಗೆ ಎಲ್ಲ ಚೆಂದವಿತ್ತು. ಅನಾಹುತವಾದದ್ದು ಕೃತಜ್ಞತೆಯಿಂದ.

ಪುಕ್ಕಟೆಯಾಗಿ ಮನೆ ಕೊಡುವವರಿಗೆ ಒಂದು ಧನ್ಯವಾದವನ್ನಾದರೂ ಬರೆಯಬೇಡವೇ? ಬರೆಯಲು ಕೂತರು. ತಾವು ಬರುವ ದಿನವನ್ನೂ ಅದರಲ್ಲೇ ತಿಳಿಸಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ದೂರು ವಿಭಾಗದಲ್ಲಿ ಒಂದು ವಿಷಯಕ್ಕೆ ಒಂದೇ ಕಾಗದ. ಕೊಡೆಯ ಉತ್ತರದಲ್ಲಿ ಗಡಿಯಾರ ನುಸುಳಿದರೆ ಫೈಲೇ ಕೆಟ್ಟಂತೆ. ಹಾಗಾಗಿ ಧನ್ಯವಾದಕ್ಕೆ ಒಂದು ಕಾಗದ ಈಗ, ಬರುವ ಸುದ್ದಿಗೆ ಇನ್ನೊಂದು ಕಾಗದ ಮುಂದಿನ ವಾರ.

ಧನ್ಯವಾದ ಮುಗಿಸಿ, "ತಾವೂ ಒಮ್ಮೆ ಸಕುಟುಂಬರಾಗಿ ನಮ್ಮಲ್ಲಿಗೆ ಬರಬೇಕು" ಎಂದು ಬರೆದರು. ಬರೆದದ್ದನ್ನು ಓದಿ ಮುಖ ಸಿಂಡರಿಸಿದರು. ಒಮ್ಮೆ! ಒಮ್ಮೆ ಎಂದರೆ ಯಾವಾಗ? ದಿನಾಂಕವಿಲ್ಲದ ಮಾತನ್ನು ಇಪ್ಪತ್ತಾರು ವರ್ಷದಲ್ಲಿ ಅವರು ಯಾರಿಗೂ ಬರೆದು ಕಳಿಸಿದವರಲ್ಲ. "ಒಮ್ಮೆ"ಯನ್ನು ಹೊಡೆದುಹಾಕಿದರು. ಕೈ ತಾನಾಗಿ ಮುಂದುವರಿಯಿತು. ಆ ದಿನಗಳಲ್ಲಿ ಅವರ ತಲೆಯಲ್ಲಿದ್ದದ್ದು ಒಂದೇ ತಾರೀಕು. "ಹನ್ನೆರಡನೇ ತಾರೀಕು ಬೆಳಿಗ್ಗೆ" ಎಂದು ಬರೆದು ಕೆಂಪು ಗೆರೆ ಎಳೆದರು. ಗೆರೆ ಎಳೆದ ಮೇಲೆ ಸೊಗಸು ಹೆಚ್ಚಿತೆನ್ನಿಸಿ, "ಎಂಟು ದಿನ ಇರಬೇಕು. ತಾವು ಒಂದು ಲೋಟವನ್ನೂ ಎತ್ತಿಡಬೇಕಾಗಿಲ್ಲ" ಎಂದು ಸೇರಿಸಿದರು. ಸಹಿ ಮಾಡಿದರು. ನಕಲು ಫೈಲಿಗೆ ಸೇರಿತು, ಅಸಲು ದೋಣಿ ಹತ್ತಿತು.

ಹನ್ನೆರಡನೇ ತಾರೀಕು ಬಂತು. ಹತ್ತು ಗಂಟೆಗೆ ರೈಲು. ಎಂಟಕ್ಕೇ ಚೀಲಗಳು ಬಾಗಿಲ ಬಳಿ ಸಾಲಾಗಿ ಕೂತಿದ್ದವು. ಹೆಂಡತಿ ಮರಳಲ್ಲಿ ನಡೆಯಲೆಂದು ಕೊಂಡ ಹೊಸ ಕ್ಯಾನ್ವಾಸ್ ಬೂಟು ತೊಟ್ಟು, ಟೋಪಿ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ತನಗೆ ತಾನೇ ನಗುತ್ತಿದ್ದಳು. ಹಿಂದಿನ ರಾತ್ರಿಯೇ ಒಲೆಯನ್ನು ಒರೆಸಿ, ಗ್ಯಾಸು ಬಂದುಮಾಡಿ, ಮೇಲೊಂದು ಬಟ್ಟೆ ಹೊದಿಸಿ ಮಲಗಿಸಿದ್ದಳು.

ಕರೆಗಂಟೆ ಸದ್ದಾಯಿತು.

"ಟ್ಯಾಕ್ಸಿ!" ಎಂದು ದೊಡ್ಡ ಗುಮಾಸ್ತರು ಬಾಗಿಲು ತೆರೆದರು.

ಟ್ಯಾಕ್ಸಿಯಲ್ಲ. ಏಳು ಜನ. ಮುಂದೆ ಖಾಕಿ ಅಂಗಿಯ ದಪ್ಪ ಮೀಸೆಯ ಗಂಡಸು, ಹಿಂದೆ ಅವನ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಎರಡು ಪುಟ್ಟ ಹೆಣ್ಣುಮಕ್ಕಳು. ಇವರೆಲ್ಲರ ನಡುವೆ ಗಂಟು ಹಿಡಿದ ಒಬ್ಬ ಅಜ್ಜಿ.

"ದೂರು ವಿಭಾಗದ ದೊಡ್ಡ ಗುಮಾಸ್ತರ ಮನೆ ಇದೇನಾ ಸಾರ್? ನಾನು ದ್ವೀಪದ ಅಂಚೆಯವನು! ಹನ್ನೆರಡು ಅಂದಿರಿ, ಹನ್ನೆರಡಕ್ಕೇ ಬಂದ್ವಿ!" ಎಂದು ಆತ ಜೇಬಿನಿಂದ ಲಕೋಟೆಯೊಂದನ್ನು ತೆಗೆದು, ವಾಡಿಕೆಯಂತೆ ವಿಳಾಸ ಸರಿಯಿದೆಯೇ ಎಂದು ನೋಡಿ, ಎರಡೂ ಕೈಯಿಂದ ಕೊಟ್ಟ. "ಬರ್ತೀವಿ ಅಂತ ಒಪ್ಪಿಗೆ ಕಾಗದ. ಹೇಗೂ ನಾವೇ ಬರ್ತಾ ಇದ್ದೀವಲ್ಲ, ಬೇರೆ ಯಾಕೆ ಕಳಿಸೋದು ಅಂತ ಕೈಯಲ್ಲೇ ತಂದೆ."

ದೊಡ್ಡ ಗುಮಾಸ್ತರು "ಬನ್ನಿ... ಬನ್ನಿ... ಪ್ರಯಾಣ... ಸುಖವಾಯಿತೇ..." ಎನ್ನುವ ಹೊತ್ತಿಗೆ ಅಜ್ಜಿ ಅವರನ್ನು ದಾಟಿಕೊಂಡು ಹೋಗಿ ಕಿಟಕಿಯ ಪಕ್ಕದ ಕುರ್ಚಿಯನ್ನು ವಶಪಡಿಸಿಕೊಂಡಾಗಿತ್ತು.

"ರೀ, ಒಂದು ನಿಮಿಷ ಬನ್ನಿ ಒಳಗೆ" ಎಂದಳು ಹೆಂಡತಿ. ದನಿ ಮೆತ್ತಗಿತ್ತು. ಅದೇ ಭಯ. "ಇವರಿಗೆ ಏನು ಬರೆದಿರಿ?"

"ಧನ್ಯವಾದ ಕಣೇ, ಬರೀ ಧನ್ಯವಾದ!"

"ನಕಲು ತನ್ನಿ."

ನಕಲು ಬಂತು. ಮಗಳು ಓದಿದಳು. ಕೆಂಪು ಗೆರೆ ಬಂದಲ್ಲಿಗೆ ನಿಂತಳು. "ಅಪ್ಪಾ... ನಾವು ಹೊರಡೋ ದಿನಕ್ಕೇ ಅವರನ್ನ ಕರೆದಿದ್ದೀರಿ."

"ಹಾಗಾದರೆ ನಾವು ಬರ್ತೀವಿ ಅಂತ ಬರೆದ ಕಾಗದ? ಅದನ್ನೂ ಕಳಿಸಿದ್ದೆನಲ್ಲ, ಹೋದ ವಾರ!"

"ಅದನ್ನ ಅಲ್ಲಿ ಮನೆ ಮನೆಗೆ ಹಂಚೋ ಮನುಷ್ಯ ನಮ್ಮ ಸೋಫಾ ಮೇಲೆ ಕೂತಿದ್ದಾರೆ, ಅಪ್ಪಾ."

ಹೆಂಡತಿ ಟೋಪಿ ತೆಗೆದು ಮೊಳೆಗೆ ತಗುಲಿಸಿದಳು. ಒಲೆಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಮಡಿಸಿದಳು. ಗ್ಯಾಸು ತಿರುಗಿಸಿ, ದೊಡ್ಡ ಪಾತ್ರೆಗೆ ನೀರು ಹಾಕಿ, ಕಡ್ಡಿಪೆಟ್ಟಿಗೆ ಎತ್ತಿಕೊಂಡಳು. ಹಿಂದೆ ನಿಂತಿದ್ದ ದೊಡ್ಡ ಗುಮಾಸ್ತರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೆಳಗೆ ಒಂದು ಚುಕ್ಕೆ ಮಣ್ಣೂ ಸೋಕದ ಆ ಬಿಳಿಯ ಬೂಟುಗಳು. ಇನ್ನೂರು ಜನ ಬೈದು ಬರೆದರೂ ಅಲುಗದ ಅವರ ಎದೆ, ಯಾರೂ ಏನೂ ಅನ್ನದೆಯೇ ಕುಸಿಯಿತು.

ಕಡ್ಡಿ ಗೀರಿದ ಸದ್ದಿಗೆ ಸರಿಯಾಗಿ ಅಂಚೆಯವನ ಹೆಂಡತಿ ಒಳಗೆ ಬಂದಳು. ಬಾಗಿಲ ಬಳಿಯ ಚೀಲಗಳನ್ನು ನೋಡಿದಳು. ಬೂಟು ನೋಡಿದಳು. ಟೋಪಿ ನೋಡಿದಳು.

"ಅಕ್ಕಾ, ಎಲ್ಲಿಗೋ ಹೊರಟ ಹಾಗಿತ್ತು?"

"ಹೂಂ."

"ಎಲ್ಲಿಗೆ?"

"ನಿಮ್ಮನೆಗೆ."

ಆಮೇಲೆ ಇಬ್ಬರಲ್ಲಿ ಯಾರಿಗೆ ಮೊದಲು ನಗು ಬಂತೋ! ಒಬ್ಬರ ಹೆಗಲು ಒಬ್ಬರು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಡ್ಡಿ ಬೆರಳ ತುದಿಗೆ ಬಂದು ಸುಟ್ಟಾಗ ಹೆಂಡತಿ ಅದನ್ನು ಉಫ್ ಎಂದು ಆರಿಸಿದಳು.

"ಹೋಗಿಬನ್ನಿ ಅಕ್ಕಾ! ಮನೆ ತೆರೆದೇ ಇದೆ. ಅಕ್ಕಪಕ್ಕದವರಿಗೆ ನನ್ನ ಹೆಸರು ಹೇಳಿದರೆ ಸಾಕು, ಸರದಿ ಹಾಕಿ ಊಟ ತಂದಿಡ್ತಾರೆ. ನಮ್ಮಲ್ಲಿ ಬಂದವರು ಒಲೆ ಮುಟ್ಟೋ ಹಾಗಿಲ್ಲ."

"ಇಲ್ಲೂ ಬಂದವರು ಮುಟ್ಟೋ ಹಾಗಿಲ್ಲ" ಎಂದು ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ರೀ, ಕಚೇರಿ ಬಗ್ಗೆ ದಿನಾ ಒಂದು ಮಾತು ಹೇಳ್ತೀರಲ್ಲ. ಸಹಿ ಯಾರದೋ..."

"...ಹೊಣೆ ಅವರದು" ಎಂದರು ದೊಡ್ಡ ಗುಮಾಸ್ತರು, ಪಾಠ ಒಪ್ಪಿಸುವ ಮಗುವಿನಂತೆ.

"ಇಲ್ಲಿ ಸಹಿ ಯಾರದು?"

ಹೊರಗೆ ಟ್ಯಾಕ್ಸಿಯ ಹಾರನ್ ಕೇಳಿಸಿತು. ಟೋಪಿ ಮೊಳೆಯಿಂದ ತಲೆಗೆ ಏರಿತು. ತಾಯಿ ಮಗಳು ಕೈಬೀಸಿದರು. ದೊಡ್ಡ ಗುಮಾಸ್ತರು ತಮ್ಮ ಚೀಲವೊಂದನ್ನು ಮಾತ್ರ ಒಳಗೆ ಹೊತ್ತು ತಂದರು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಅಡುಗೆ ಎಂದು ಕರೆದರೆ ಅಡುಗೆಗೆ ಅವಮಾನ. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ತಳ ಅನ್ನವನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅಂಚೆಯವನು ಮೊದಮೊದಲು ಅತಿಥಿಯಂತೆ ಕೂತಿದ್ದವನು, ಮೂರನೆಯ ದಿನ ಹಸಿವು ತಾಳಲಾರದೆ ತೋಳು ಮಡಿಸಿಕೊಂಡು ಬಂದ.

"ಸಾರ್, ಒಂದು ಲೋಟಾನೂ ಎತ್ತಿಡಬೇಕಾಗಿಲ್ಲ ಅಂತ ಬರೆದಿದ್ರಿ."

"ಬರೆದಿದ್ದೆ."

"ಲೋಟ ಎತ್ತೋದಿಲ್ಲ. ಆದರೆ ಆ ಸೌಟು ಈ ಕಡೆ ಕೊಡಿ."

ಅಂದಿನಿಂದ ಇಬ್ಬರಿಗೂ ದೋಸ್ತಿ. ಒಬ್ಬರು ಹೆಚ್ಚಿದರೆ ಇನ್ನೊಬ್ಬರು ತೊಳೆದರು. ಬೇಯಿಸಿದ ಆಲೂಗಡ್ಡೆ ಐದನೆಯ ದಿನಕ್ಕೆ ಆಲೂಗಡ್ಡೆಯ ಹಾಗೆಯೇ ಕಾಣತೊಡಗಿತು. ಅಂಚೆಯವನ ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ, ತಟ್ಟೆ ಕೈಗೆ ಬಂದಾಗಲೆಲ್ಲ ಲೋಕ ಗೆದ್ದವಳಂತೆ ನಗುತ್ತಿದ್ದಳು. ಅಜ್ಜಿ ಕಿಟಕಿ ಬಿಟ್ಟು ಏಳಲಿಲ್ಲ. ಕೆಳಗಿನ ಚೌಕದ ಟ್ರಾಫಿಕ್ ದೀಪ ನೋಡುವುದೇ ಅವಳ ಪ್ರವಾಸ. "ಕೆಂಪು ಬಂತು! ನೋಡು, ಎಲ್ಲರೂ ನಿಂತರು! ಎಂಥಾ ಮಾತು ಕೇಳೋ ಜನ!" ಎಂದು ಕೈತಟ್ಟುವಳು. ಒಮ್ಮೆ ದೊಡ್ಡ ಗುಮಾಸ್ತರನ್ನು ಹತ್ತಿರ ಕರೆದು ಗುಟ್ಟಾಗಿ ಹೇಳಿದಳು: "ಒಳ್ಳೇ ಜಾಗ ಕಣಪ್ಪಾ. ಪ್ರವಾಸಿಗರ ಗಲಾಟೆ ಇಲ್ಲ. ಖರ್ಚೂ ಇಲ್ಲ. ನಮ್ಮ ಮಗನ ಯೋಜನೆ ಅಂದರೆ ಯೋಜನೆ!"

ದೊಡ್ಡ ಗುಮಾಸ್ತರು ಆ ಮಾತನ್ನು ಮಾತ್ರೆ ನುಂಗಿದ ಹಾಗೆ ನುಂಗಿದರು.

ಆರನೆಯ ದಿನ ಕಾಗದ ಬಂತು. ಗೇಟಿನ ಬಳಿಯೇ ಒಡೆದು ಓದಿದರು.

"ಕ್ಷೇಮ. ನಾವು ಬರುತ್ತೇವೆಂದು ನೀವು ಬರೆದ ಕಾಗದ ನಾವು ಬಂದ ಮೇಲೆ ಇಲ್ಲಿಗೆ ಬಂತು. ದೋಣಿಯವನು ನನ್ನ ಕೈಗೇ ಕೊಟ್ಟ. ಓದಿ, ನಾವು ಬರುವುದು ಗೊತ್ತಾಯಿತು. ಒಲೆ ಎಲ್ಲಿದೆ ಎಂದು ಇನ್ನೂ ನೋಡಿಲ್ಲ. ಮೊದಲ ದಿನ ದಡದಲ್ಲಿ ಸುಮ್ಮನೆ ಕೂತಿದ್ದೆ. ಏನಮ್ಮಾ ಅಷ್ಟು ನೋಡ್ತೀಯ ಅಂತ ಮಗಳು ಕೇಳಿದಳು. ಇಷ್ಟೊಂದು ನೀರು, ಯಾರೂ ಕಾಯಿಸಬೇಕಾಗಿಲ್ಲ ಅಂದೆ. ನೀವು ಇದ್ದಿದ್ದರೆ ಚೆನ್ನಾಗಿತ್ತು ಅಂತ ಸಂಜೆ ಹೊತ್ತು ಅನ್ನಿಸುತ್ತದೆ. ಊಟದ ಹೊತ್ತಿಗೆ ಮರೆತುಹೋಗುತ್ತದೆ."

ದೊಡ್ಡ ಗುಮಾಸ್ತರು ಕಾಗದವನ್ನು ಇನ್ನೊಮ್ಮೆ ಓದಿದರು. ಮೊದಲ ಬಾರಿಗೆ, ಬಂದ ಕಾಗದವೊಂದನ್ನು ಫೈಲಿಗೆ ಹಾಕದೆ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ತಪ್ಪು ಮಾಡಿದವನಿಗೆ ಇಷ್ಟು ಹಗುರವಾಗಬಾರದು ಎನ್ನಿಸಿತು, ಆದರೂ ಹಗುರವಾಯಿತು.

ತಲೆಯೆತ್ತಿದರೆ ಟೈಲರಮ್ಮ. ಅವಳ ಹಿಂದೆ ಬೀದಿಯ ಇನ್ನೂ ಮೂವರು ಹೆಂಗಸರು. ಗಟ್ಟಿಯಾಗಿ ಓದುವುದು ಗುಮಾಸ್ತರ ಹಳೆಯ ಚಾಳಿ, ಎಲ್ಲರೂ ಕೇಳಿಸಿಕೊಂಡಿದ್ದರು. ಗುಮಾಸ್ತರು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯನ್ನು ಅವಸರವಾಗಿ ಬಿಚ್ಚಿ ಬೆನ್ನ ಹಿಂದೆ ಅಡಗಿಸಿದರು.

"ನಗಿ, ನಗಿ. ನನ್ನದೇ ತಪ್ಪು, ಒಪ್ಪಿಕೊಂಡೆ."

"ನಗೋದಕ್ಕೆ ಬಂದಿಲ್ಲ ಅಣ್ಣಾ" ಎಂದಳು ಟೈಲರಮ್ಮ, ಬಹಳ ವಿನಯದಿಂದ. "ನಮ್ಮ ಯಜಮಾನರಿಗೆ ಬರೆಯೋದು ಅಷ್ಟಾಗಿ ಬರಲ್ಲ. ನೀವೇ ಬಿಡುವಾದಾಗ ಕೂತು, ಅವರ ಹೆಸರಲ್ಲಿ ಇಂಥದೇ ಒಂದು ತಪ್ಪು ಮಾಡಿಕೊಡಿ. ಸಹಿ ನಾನು ಹಾಕಿಸ್ತೀನಿ."