ವರ್ಣನೆಯಲ್ಲಿ ವರ್ಣ ಮಾತ್ರ ಇರೋ ಬಗ್ಗೆ ಡೀನ್ ಸಾಹೇಬರಿಗೆ ಅಹವಾಲು

ಮಾನ್ಯ ಡೀನ್ ಹ್ಯಾಲ್ವರ್ಸನ್ ಅವರ ಘನ ಸನ್ನಿಧಾನಕ್ಕೆ, ತಮ್ಮದೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ರಿಟೈರ್ ಆದ ಅಲೋಂಜೋ ಟ್ರಿಪ್ಲೆಟ್ ಮಾಡುವ ನಮಸ್ಕಾರಗಳು.

ಎಚ್ಚರಿಕೆ! ಲೈಬ್ರರಿ ಹತ್ತಿರ ಸಂಶಯಾಸ್ಪದ ವ್ಯಕ್ತಿ ಓಡಾಡ್ತಿದಾನೆ! ಕಪ್ಪು ಬಣ್ಣ, ಎತ್ತರದ ಆಳು, ಕೈಯಲ್ಲಿ ಏನೋ ಇದೆ. ಬಾಗಿಲು ಹಾಕ್ಕೊಳ್ಳಿ!

ಗಾಬರಿಯಾಗ್ಬೇಡಿ ಮಾನ್ಯರೇ, ಅದು ನಾನೇ. ಕೈಯಲ್ಲಿರೋದು ಈ ಪತ್ರ, ನೋಟಿಸ್ ಬೋರ್ಡಿಗೆ ಅಂಟಿಸೋಕೆ ಬಂದೆ. ತಮ್ಮ ಆಫೀಸು ಎಲ್ಲರ ಫೋನಿಗೂ ಕಳಿಸೋ ಎಚ್ಚರಿಕೆಯ ಧಾಟಿ ಇಷ್ಟವಾಗಿ ಕದ್ದೆ. ಅದರ ವರ್ಣನೆಯಲ್ಲಿ ವರ್ಣ ಬಿಟ್ಟರೆ ಬೇರೇನೂ ಇರಲ್ಲವಾದ್ದರಿಂದ ನಮ್ಮ ಕಪ್ಪು ಹುಡುಗರೆಲ್ಲಾ ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದ್ಕೋತಾರೆ.

ಮೊನ್ನೆ ಗುರುವಾರ ಲೈಬ್ರರಿ ಹಾಲಿನಲ್ಲಿ 'ನಮ್ಮ ವ್ಯವಸ್ಥೆಯಲ್ಲೇ ವರ್ಣಭೇದ ಇದೆಯೇ?' ಅಂತ ತಾವು ಮುಕ್ತ ಮಾತಿನ ಸಭೆ ಇಟ್ಟಿದ್ದು ಮಹದುಪಕಾರ. ಹೊರಗಿಂದ ಬಂದ ಅತಿಥಿಗಳು 'ಇಲ್ಲವೇ ಇಲ್ಲ' ಅನ್ನೋದನ್ನ ಒಂದು ಗಂಟೆ ಹೇಳಿದರು. ಇಲ್ಲದ್ದರ ಬಗ್ಗೆ ಅಷ್ಟು ಹೊತ್ತು ಮಾತಾಡೋಕೆ ಪ್ರತಿಭೆ ಬೇಕು. ಆಮೇಲೆ ಕೊನೇ ವರ್ಷದ ಕೆಂಡ್ರಿಯಾ ಎದ್ದು, "ಸರ್, ಈಗ ತಾನೇ ಈ ಬಾಗಿಲಲ್ಲಿ ಸೆಕ್ಯುರಿಟಿಯವರು ನನ್ನ ಐಡಿ ಕಾರ್ಡ್ ಕೇಳಿದ್ರು, ಜೊತೆಗಿದ್ದ ಬಿಳಿ ಹುಡುಗಿ ಹಂಗೇ ಒಳಗೆ ಬಂದ್ಲು, ಅದಕ್ಕೇನಂತೀರಿ?" ಅಂದಳು. ತಮ್ಮವರು ವೈರ್ ಕಿತ್ತರು, ಮೈಕ್ ಬಂದ್! ಮುಕ್ತ ಮಾತು ಅಂದ್ರೆ ಮಾತು ಮುಕ್ತಾಯ ಅಂತ ನನಗೆ ಆಗ ಗೊತ್ತಾಯ್ತು. ಸ್ವಲ್ಪ ಹೊತ್ತಿಗೆ ಮೈಕಿಗೆ ಮತ್ತೆ ಜೀವ ಬಂತು, ಹುಡುಗಿ ಮಾತು ಮುಗಿಸಿದಳು, ಅತಿಥಿಗಳು ನೀರು ಕುಡಿದರು.

ಈಗ ಅವಳೇ ಯಾರ ಕೈಲೋ ಮೈಕ್ ಮತ್ತೆ ಹಾಕಿಸಿ ಸಭೆ ಕೆಡಿಸಿದಳು ಅಂತ ಸೋಮವಾರ ವಿಚಾರಣೆಯಂತೆ. ಅಮಾನತಾದರೆ ಮೇ ತಿಂಗಳ ಪದವಿ ತಪ್ಪಿಹೋಗುತ್ತೆ. ಆ ಸಮಾರಂಭಕ್ಕೆ ಅವಳ ಅಜ್ಜಿ ಆಗಲೇ ಹ್ಯಾಟ್ ಕೊಂಡಿದ್ದಾರೆ ಮಾನ್ಯರೇ, ಚರ್ಚಿನಲ್ಲಿ ಹಿಂದೆ ಕೂರೋ ನನಗೆ ಪಾದ್ರಿಗಳೇ ಕಾಣದಷ್ಟು ಅಗಲದ್ದು. "ಲೋಂಜೋ, ಇದನ್ನ ವಾಪಸ್ ಕೊಡೋ ಹಂಗಾದ್ರೆ ಅಂಗಡಿಗಲ್ಲ ಕಣೋ, ಆ ಡೀನ್ ತಲೆ ಮೇಲೇ ಇಟ್ಟು ಬರ್ತೀನಿ" ಅಂತಿದ್ದಾರೆ.

ವಿಚಾರಣೆ ಮಾಡಲೇಬೇಕು ಅಂತಿದ್ರೆ ಮೊದಲು ಬಾಗಿಲಲ್ಲಿರೋ ಸಂಸ್ಥಾಪಕರ ಕಂಚಿನ ವಿಗ್ರಹದ ಕಾರ್ಡ್ ಕೇಳಿಸಿ. ಹಗಲೂ ರಾತ್ರಿ ಲೈಬ್ರರಿ ಮುಂದೆ ನಿಂತಿರ್ತಾರೆ, ಒಳಗೆ ಹೋಗಿ ಒಂದು ಪುಸ್ತಕ ತಗೊಂಡಿದ್ದು ಯಾರೂ ನೋಡಿಲ್ಲ. ಇದಕ್ಕಿಂತ ಸಂಶಯಾಸ್ಪದ ಇನ್ನೇನಿದೆ?

ತಾವು ವಿಶ್ವಾಸ ಇಡದಿದ್ದರೂ, ತಮ್ಮ ವಿಶ್ವಾಸಿ,
ಅಲೋಂಜೋ ಟ್ರಿಪ್ಲೆಟ್

ಹೇಳೋದು ಮರೆತೆ: ಸೋಮವಾರ ಅವಳ ಬದಲು ನನ್ನನ್ನ ಕರೀರಿ. ಮೈಕಿನ ವೈರ್ ಮತ್ತೆ ಸಿಕ್ಕಿಸಿದ್ದು ನಾನು, ಅವಳಿಗೆ ಗೊತ್ತೇ ಇಲ್ಲ. ಸೂಟು ಟೈನಲ್ಲಿ ವೇದಿಕೆ ಪಕ್ಕ ಬಗ್ಗಿದ್ದ ನನ್ನನ್ನ ತಮ್ಮ ಸೆಕ್ಯುರಿಟಿಯವನು ಕಣ್ಣಾರೆ ನೋಡಿದ. ಆವತ್ತು ಕಾರ್ಡ್ ಕೇಳಲಿಲ್ಲ. ಭುಜ ತಟ್ಟಿ, "ಬೇಗ ರಿಪೇರಿ ಮಾಡಪ್ಪಾ" ಅಂದ.

ಮಾಡಿದೆ.