ಹೆಡ್ಮಾಸ್ಟರಿಗೆ ಹೊದಿಸಿದ ಬಾಟಿಕ್ ಶಾಲು

ನನ್ನ ಮಾನ ಕಳೆಯಲಿಕ್ಕೆ ಶತ್ರುಗಳು ಬೇಡ, ಒಂದು ಬಟ್ಟಲು ಬಿಸಿ ಮೇಣ ಸಾಕು. ನಾನು ಮೂಡುಬಿದಿರೆ ಹತ್ತಿರದ ಶಾಲೆಯೊಂದರ ಚಿತ್ರಕಲೆ ಟೀಚರ್, ಬಟ್ಟೆಯ ಮೇಲೆ ಮೇಣದಿಂದ ಚಿತ್ರ ಬರೆದು ಬಣ್ಣ ಹಾಕುವ ಬಾಟಿಕ್ ಕಲಿಸುವವಳು. "ಬಾಟಿಕ್ ಯಾಕೆ, ಲೆಕ್ಕ ಕಲಿಸಿ" ಎಂದವರ ಬಾಯಿ ಮುಚ್ಚಿಸಿ ನನ್ನ ಕ್ಲಾಸು ಉಳಿಸಿದವರು ನಮ್ಮ ಹೆಡ್ಮಾಸ್ಟರು. ಅವರ ನಿವೃತ್ತಿಯ ಸನ್ಮಾನಕ್ಕೆ ಅಂಗಡಿ ಶಾಲು ಬೇಡ, ನಾನೇ ಬಾಟಿಕ್ ಮಾಡಿ ಕೊಡುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಜಂಬದಿಂದ ಹೇಳಿಬಿಟ್ಟೆ.

೧. ಬಾಣಲೆ

ಮೇಣ ಕರಗಿಸುವ ಪಾತ್ರೆ ಶಾಲೆಯಲ್ಲೇ ಉಳಿದಿತ್ತು. ಮನೆಯ ಒಗ್ಗರಣೆ ಬಾಣಲೆಯಲ್ಲಿ ಕರಗಿಸಿ, ಉಜ್ಜಿ ತೊಳೆದು ಇಟ್ಟೆ. ಮರುದಿನ ಬಂಟ್ವಾಳದಿಂದ ಅತ್ತೆಯ ಅಣ್ಣ ಊಟಕ್ಕೆ ಬಂದರು. ಬಡಿಸಿದ ಸಾರಿನ ಮೇಲೆ ಬಿಳಿ ಪದರ ಕಟ್ಟಿತು. ಅತ್ತೆ ನನ್ನನ್ನು ನೋಡಿದರು.

"ತೆಂಗಿನೆಣ್ಣೆ ಗಟ್ಟಿಯಾದದ್ದು" ಎಂದೆ.

ಅತ್ತೆ ಕುತ್ತಿಗೆಯ ಬೆವರು ಒರೆಸಿಕೊಂಡು ಹೇಳಿದರು: "ಈ ಸೆಕೆಗೆ ನಾವೇ ಕರಗ್ತಾ ಇದ್ದೇವೆ, ಎಣ್ಣೆ ಹೇಗೆ ಗಟ್ಟಿ ಆಯ್ತು ಮಾರಾಯ್ತಿ?"

೨. ಹಕ್ಕಿಗಳು

ಮೇಣ ಹಚ್ಚಿದಲ್ಲಿ ಬಣ್ಣ ಹಿಡಿಯುವುದಿಲ್ಲ, ಅದೇ ಬಾಟಿಕ್. ಕೈತಪ್ಪಿ ಹನಿ ಬಿದ್ದಲ್ಲಿಯೂ ಹಿಡಿಯುವುದಿಲ್ಲ, ಅದೇ ನನ್ನ ಕರ್ಮ. ಬಿದ್ದ ಹನಿಗೆಲ್ಲ ಕೊಕ್ಕು, ರೆಕ್ಕೆ ಇಟ್ಟು ಹಕ್ಕಿ ಮಾಡಿದೆ. ಬೆಳ್ತಂಗಡಿಯಿಂದ ಬರುವ ಲೆಕ್ಕದ ಟೀಚರ್ ಶಾಲು ನೋಡಿ "ಎಷ್ಟು ಚಂದ ಉಂಟು!" ಎಂದರು. ನಾನು ಉಬ್ಬಿಹೋದೆ. ಅವರು ಸುಮ್ಮನಿರಬೇಕಲ್ಲ, ಎಣಿಸಿದರು.

"ಇಪ್ಪತ್ತಮೂರು ಹಕ್ಕಿ. ಅಷ್ಟು ಸಲ ಕೈ ನಡುಗಿತಾ?"

೩. ಇಸ್ತ್ರಿ

ಬಣ್ಣ ಒಣಗಿದ ಮೇಲೆ ಬಟ್ಟೆಯನ್ನು ಪೇಪರುಗಳ ನಡುವೆ ಇಟ್ಟು ಇಸ್ತ್ರಿ ಹಾಕಿದರೆ ಮೇಣವನ್ನು ಪೇಪರು ಹೀರಿಕೊಳ್ಳುತ್ತದೆ. ಪೇಪರು ಹಳೆಯದೇ ಆಗಬೇಕು, ಹೊಸದರ ಮಸಿ ಬಟ್ಟೆಗೆ ಹತ್ತುತ್ತದೆ. ಮಕ್ಕಳಿಗೆ ಇದನ್ನು ನೂರು ಸಲ ಹೇಳುವವಳು ನಾನೇ. ಸನ್ಮಾನದ ಬೆಳಿಗ್ಗೆ ಗಡಿಬಿಡಿಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಅಂದಿನ ಪೇಪರು.

ಶಾಲಿನ ಬಿಳಿ ಅಂಚಿಗೆ ಮಸಿ ಹತ್ತಿತು. ಅಕ್ಷರಗಳೆಲ್ಲ ಹಿಂದುಮುಂದು. ಯಾರಿಗೂ ಓದಲಿಕ್ಕಾಗದು ಎಂದು ಸಮಾಧಾನ ಮಾಡಿಕೊಂಡು, ವೇದಿಕೆಯಲ್ಲಿ ನಾನೇ ಹೊದಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಹೆಡ್ಮಾಸ್ಟರ ಕಣ್ಣಲ್ಲಿ ನೀರು ಬಂತು.

ಸಂಜೆ ಅವರ ಫೋನು.

"ಟೀಚರೇ, ಶಾಲು ಭಾರೀ ಚಂದ ಉಂಟು. ಮನೆಗೆ ಬಂದು ಕನ್ನಡಿ ಎದುರು ನಿಂತೆ. ಕನ್ನಡಿಯಲ್ಲಿ ಅಕ್ಷರ ಸರಿಯಾಗಿ ಕಾಣ್ತದೆ."

"ಏನು ಬರೆದುಂಟು ಸರ್?"

"ಎದೆಯ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ಉಂಟು."

ನಾಚಿಕೆಯಿಂದ ಸತ್ತೇಹೋದೆ. ನನ್ನ ಕ್ಲಾಸು ಉಳಿಸಿದ ಮನುಷ್ಯನಿಗೆ ಇಂಥ ಉಡುಗೊರೆ! ಅವರು ಮೆಲ್ಲ ಕೇಳಿದರು:

"ನಾನು ಶಾಲೆಯಿಂದ ಮಾತ್ರ ನಿವೃತ್ತಿ ಆದದ್ದಲ್ವಾ ಟೀಚರೇ?"